ಬೇಸಿಗೆ ರಜೆಯಲ್ಲಿ ಮ್ಯೂಸಿಯಂ ಕೆಲಸಕ್ಕೆ ಸೇರಿದರೆ ನಿಜಕ್ಕೂ ಏನು ಮಾಡಿಸುತ್ತಾರೆ?

ನೀವು ದಾವಣಗೆರೆಯಲ್ಲಿ ಬಿ.ಎ. ಇತಿಹಾಸ ಓದುತ್ತಿದ್ದೀರಿ, ರಜೆಯಲ್ಲಿ ಚಿತ್ರದುರ್ಗದ ಮ್ಯೂಸಿಯಂನಲ್ಲಿ ಎರಡು ತಿಂಗಳು ಕೆಲಸ ಮಾಡುವ ಆಸೆಯಿದೆ, ಆದರೆ ‘ಧೂಳು ಒರೆಸೋಕೆ ಇಟ್ಕೊಳ್ತಾರೆ ಅಷ್ಟೇ’ ಅಂತ ಗೆಳೆಯರು ಹೆದರಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನೂ ದಾವಣಗೆರೆಯವಳೇ. ಎಂ.ಎ. ಮೊದಲ ವರ್ಷ ಮುಗಿದ ಮೇಲೆ ದುರ್ಗದ ಕಡೆಯ ಒಂದು ಚಿಕ್ಕ ಮ್ಯೂಸಿಯಂನಲ್ಲಿ ಏಪ್ರಿಲ್, ಮೇ ಎರಡೂ ತಿಂಗಳು ಇದ್ದೆ. ಧೂಳು ಒರೆಸಿದ್ದು ನಿಜ. ಆದರೆ ಹೆಚ್ಚು ಹೊತ್ತು ಮಾಡಿದ್ದು ಬರೆಯುವ ಕೆಲಸ.

ಮ್ಯೂಸಿಯಂಗೆ ಬಂದ ಪ್ರತಿ ವಸ್ತುವಿಗೂ ಒಂದು ನಂಬರ್ ಇರುತ್ತದೆ. ಆ ನಂಬರಿನ ಎದುರು ಅಕ್ಸೆಷನ್ ರಿಜಿಸ್ಟರಿನಲ್ಲಿ ವಸ್ತು ಯಾವುದು, ಯಾವ ಊರಿನದು, ಯಾರು ಕೊಟ್ಟರು, ಎಂದು ಬಂತು, ಉದ್ದ ಅಗಲ ಎಷ್ಟು, ಎಲ್ಲಿ ಮುಕ್ಕಾಗಿದೆ ಅಂತೆಲ್ಲ ಬರೆದಿರುತ್ತಾರೆ. ಹಳೆಯ ರಿಜಿಸ್ಟರುಗಳ ಅಂಚು ಪುಡಿಯಾಗುತ್ತಿತ್ತು. ಅದನ್ನು ನೋಡಿಕೊಂಡು ಕಂಪ್ಯೂಟರಿಗೆ ಹತ್ತಿಸುವುದು, ಆಮೇಲೆ ಕಪಾಟಿನ ಹತ್ತಿರ ಹೋಗಿ ಆ ವಸ್ತು ಅಲ್ಲೇ ಇದೆಯಾ ಎಂದು ತಾಳೆ ನೋಡುವುದು, ಅಳೆಯುವುದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯುವುದು ನನ್ನ ಕೆಲಸ. ಇತಿಹಾಸ ಓದಿದವರಿಗೆ ಇದು ಗುಮಾಸ್ತಿಕೆ ಅನ್ನಿಸಬಹುದು. ನನಗೂ ಮೊದಲ ವಾರ ಹಾಗೇ ಅನ್ನಿಸಿತ್ತು.

ಆ ವಾರವೇ ಒಂದು ತಪ್ಪು ಮಾಡಿದೆ. ಎರಡು ಬೇರೆ ಬೇರೆ ಊರಿನ ಮಡಕೆ ಚೂರುಗಳನ್ನು ಎರಡು ಟ್ರೇಗಳಲ್ಲಿ ಹರವಿ, ಮೆತ್ತನೆ ಬ್ರಷ್‌ನಿಂದ ಮಣ್ಣು ತೆಗೆಯುತ್ತಿದ್ದೆ. ಸೆಕೆ ತಡೆಯಲಾಗದೆ ಫ್ಯಾನ್ ಹಾಕಿದೆ. ಊರಿನ ಹೆಸರು ಬರೆದಿದ್ದ ಚೀಟಿಗಳು ಹಾರಿದವು. ಹಿಡಿಯಲು ಎದ್ದ ಗಡಿಬಿಡಿಯಲ್ಲಿ ಕೈ ತಾಗಿ ಒಂದು ಟ್ರೇ ಇನ್ನೊಂದರ ಮೇಲೆ ಮಗುಚಿತು. ಬಹಳಷ್ಟು ಚೂರುಗಳ ಮೇಲೆ ಸಣ್ಣಕ್ಷರದ ನಂಬರ್ ಇದ್ದದ್ದರಿಂದ ಬೇರ್ಪಡಿಸಲು ಆಯಿತು. ನಂಬರ್ ಅಳಿಸಿಹೋಗಿದ್ದ ಹನ್ನೊಂದು ಚೂರುಗಳು ಮಾತ್ರ ಯಾವ ಊರಿನವೆಂದು ಯಾರಿಗೂ ಹೇಳಲಾಗಲಿಲ್ಲ. ಮ್ಯೂಸಿಯಂನ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ಬೈಯಲಿಲ್ಲ. ರಿಜಿಸ್ಟರ್ ನನ್ನ ಮುಂದಿಟ್ಟು, ‘ಸಿಕ್ಕ ಸ್ಥಳ ತಿಳಿಯದು’ ಎಂದು ನನ್ನ ಕೈಯಲ್ಲೇ ಬರೆಸಿ, ತಾರೀಖು ಹಾಕಿಸಿದರು. ಸಾವಿರಾರು ವರ್ಷ ಮಣ್ಣಿನಲ್ಲಿ ತಮ್ಮ ಊರು ಬಿಡದೆ ಇದ್ದವುಗಳ ಊರನ್ನು ನಾನು ಒಂದು ನಿಮಿಷದಲ್ಲಿ ಕಳೆದಿದ್ದೆ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಊರು ಅಷ್ಟು ಮುಖ್ಯವೇ ಎಂದು ಕೇಳಿದರೆ, ಚಿತ್ರದುರ್ಗದ ಪಕ್ಕದ ನಮ್ಮ ಚಂದ್ರವಳ್ಳಿಯನ್ನೇ ನೋಡಿ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಉತ್ಖನನ ಮಾಡಿದರು. ಅದಕ್ಕೂ ಮೊದಲೇ ಮೈಸೂರಿನ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಚಂದ್ರವಳ್ಳಿಯಲ್ಲಿ ಅಗೆಸಿದ್ದರು. ಅಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿದೆ. ಅವನ ಆಳ್ವಿಕೆ ಕ್ರಿ.ಶ. 14ರಿಂದ 37. ಅಂಥ ನಾಣ್ಯ ಮಣ್ಣಿನ ಯಾವ ಪದರದಲ್ಲಿ ಸಿಕ್ಕಿತು ಎಂದು ಬರೆದಿಟ್ಟರೆ ತಾನೇ ಅದೇ ಪದರದ ಮಡಕೆ ಚೂರುಗಳ ಕಾಲವನ್ನು ಅಂದಾಜು ಮಾಡಲು ಆಗುವುದು? ಅದೇ ನಾಣ್ಯ ಸಂತೆಯಲ್ಲಿ ಯಾರದೋ ಕೈಯಿಂದ ಬಂದಿದ್ದರೆ ಬೆಳ್ಳಿಯ ಬೆಲೆ ಇರುತ್ತಿತ್ತು, ಅಷ್ಟೇ.

ಕೈಕೆಲಸವನ್ನೂ ಕಲಿಸುತ್ತಾರೆ, ಕೇಳಿ ಕಲಿಯಿರಿ. ಚೂರಿನ ಮೇಲೆ ನಂಬರನ್ನು ನೇರವಾಗಿ ಬರೆಯುವುದಿಲ್ಲ. ಪ್ಯಾರಲಾಯ್ಡ್ ಬಿ-72 ಎಂಬ ಅಂಟನ್ನು ತೆಳ್ಳಗೆ ಬಳಿದು, ಒಣಗಿದ ಮೇಲೆ ಶಾಯಿಯಲ್ಲಿ ಬರೆದು, ಮೇಲೆ ಇನ್ನೊಂದು ಲೇಪ ಕೊಡಬೇಕು. ಮುಂದೆ ಬೇಕಾದರೆ ಅಸಿಟೋನ್‌ನಿಂದ ತೆಗೆಯಬಹುದು. ಚಿತ್ತಾರ ಇರುವ ಕಡೆ ಬೇಡ, ಒಡೆದ ಅಂಚಿನ ಮೇಲೂ ಬೇಡ, ಏಕೆಂದರೆ ನಾಳೆ ಯಾರಾದರೂ ಅದನ್ನು ಇನ್ನೊಂದು ಚೂರಿಗೆ ಜೋಡಿಸಬೇಕಾದೀತು. ಮಡಕೆಯನ್ನು ಕಂಠ ಹಿಡಿದು ಎತ್ತಬಾರದು, ಬುಡಕ್ಕೆ ಎರಡೂ ಕೈ ಕೊಡಬೇಕು. ಸೀಸದ ನಾಣ್ಯಗಳನ್ನು ಮರದ ಡ್ರಾಯರಿನಲ್ಲಿ ಮುಚ್ಚಿಟ್ಟರೆ ಮರದಿಂದ ಹೊರಡುವ ಆಮ್ಲದ ಆವಿಗೆ ಬಿಳಿ ಪುಡಿಯಾಗುತ್ತವೆ. ಆ ಪುಡಿ ವಿಷ, ಕೈಗವಸು ಹಾಕದೆ ಮುಟ್ಟಬೇಡಿ. ಹಳೆಯ ನಾಣ್ಯವನ್ನು ಹುಣಸೆಹಣ್ಣು ಹಾಕಿ ಬೆಳಗಿ ಫಳಫಳ ಮಾಡಿಕೊಡುತ್ತೇನೆ ಎಂದು ಯಾರಾದರೂ ಮುಂದೆ ಬಂದರೆ ದಯವಿಟ್ಟು ತಡೆಯಿರಿ.

ಸೇರುವ ದಾರಿ: ಕೋಟೆಯನ್ನು ನೋಡಿಕೊಳ್ಳುವುದು ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. ಊರೊಳಗಿನ ಸರ್ಕಾರಿ ವಸ್ತುಸಂಗ್ರಹಾಲಯ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯದು, ಅದರ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಒಬ್ಬರಿಗೆ ಕೊಟ್ಟ ಅರ್ಜಿ ಇನ್ನೊಬ್ಬರಿಗೆ ಹೋಗುವುದಿಲ್ಲ. ನಿಮ್ಮ ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಫೆಬ್ರವರಿಯಲ್ಲೇ ಹೋಗಿ ಬನ್ನಿ. ನನಗೆ ದುಡ್ಡು ಸಿಗಲಿಲ್ಲ, ದಿನಾ ಬಸ್ಸಿನ ಖರ್ಚು ನಮ್ಮಪ್ಪನದೇ. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ.

ಮೇ ತಿಂಗಳ ಕೊನೆಯಲ್ಲಿ ಜಗಳೂರು ಕಡೆಯಿಂದ ಒಬ್ಬ ಅಜ್ಜ ಬಂದರು. ಅವರ ಊರಿನ ಕೆರೆ ಏರಿಯ ಮೇಲಿದ್ದ ವೀರಗಲ್ಲನ್ನು ಅವರು ಹುಡುಗರಾಗಿದ್ದಾಗ ಯಾರೋ ಲಾರಿಯಲ್ಲಿ ಹೇರಿಕೊಂಡು ಹೋಗಿದ್ದರಂತೆ. ಅದು ಇಲ್ಲಿದೆಯೇ ಎಂದು ಕೇಳಿದರು. ಕಂಪ್ಯೂಟರಿನಲ್ಲಿ ದಾವಣಗೆರೆ ಜಿಲ್ಲೆ ಎಂದು ಹುಡುಕಿದರೆ ಏನೂ ಬರಲಿಲ್ಲ. ಅಟೆಂಡರ್ ‘ಇಲ್ಲ ಅಜ್ಜ’ ಅಂದೂಬಿಟ್ಟರು. ಆಗ ನನಗೆ ಹೊಳೆಯಿತು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ಜಗಳೂರು ಚಿತ್ರದುರ್ಗ ಜಿಲ್ಲೆಯದು. ಹಳೆ ರಿಜಿಸ್ಟರಿನಲ್ಲಿ ಇದ್ದಂತೆಯೇ ನಾನು ಹತ್ತಿಸಿದ್ದೆ. ತಾಲ್ಲೂಕಿನ ಹೆಸರು ಹಿಡಿದು ಹುಡುಕಿದಾಗ ಊರೂ ಸಿಕ್ಕಿತು, ನಂಬರೂ ಸಿಕ್ಕಿತು.

ಕಲ್ಲು ಹಿತ್ತಲಿನ ಶೆಡ್ಡಿನಲ್ಲಿ ಗೋಡೆಗೆ ಒರಗಿತ್ತು. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ. ಅಜ್ಜ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಕಲ್ಲಿನ ಬಲ ಮೂಲೆಯ ಮುಕ್ಕನ್ನು ಬೆರಳಲ್ಲಿ ಸವರಿ, ‘ಇಲ್ಲೇ ನಾವು ಕುಡುಗೋಲು ಮಸೀತಿದ್ವಿ’ ಅಂದರು. ರಿಜಿಸ್ಟರಿನಲ್ಲಿ ‘ಬಲ ಅಂಚು ಸವೆದಿದೆ’ ಎಂದಷ್ಟೇ ಇತ್ತು. ಕ್ಯುರೇಟರ್ ಅನುಮತಿ ಪಡೆದು, ಅಜ್ಜನ ಮಾತನ್ನು ಅವತ್ತಿನ ತಾರೀಖಿನ ಜೊತೆ ಷರಾ ಕಾಲಂನಲ್ಲಿ ಸೇರಿಸಿದೆ.

ಹೊರಡುವಾಗ ಅವರು ಅಂಗಿ ಜೇಬಿನಿಂದ ಬಸ್ ಟಿಕೆಟ್ ತೆಗೆದು ಅದರ ಹಿಂಭಾಗ ತೋರಿಸಿದರು. ‘ಆ ಕಲ್ಲಿನ ನಂಬ್ರ ಇದ್ರಾಗೆ ಬರ್ಕೊಡವ್ವ, ನನ್ ಮೊಮ್ಮಗ ಬಂದ್ರೆ ಕೇಳಾಕೆ ಬೇಕಾಗ್ತೈತಿ.’ ಬರೆದುಕೊಟ್ಟೆ.