ಅಜ್ಜನ ತತ್ವಪದಕ್ಕೆ ಎಐನಿಂದ ಬೀಟ್ ಹಾಕಿ ರೀಮಿಕ್ಸ್ ಮಾಡಬೇಕು. ಯಾವ ಆ್ಯಪ್ ತೆಗೆದುಕೊಳ್ಳಲಿ?

ಸಿಂಧನೂರು, ಐ3 ಲ್ಯಾಪ್‌ಟಾಪ್, ಅಜ್ಜ ಏಕತಾರಿ ಹಿಡಿದು ಹಾಡಿದ ಪದ ಮೊಬೈಲ್‌ನಲ್ಲಿ, ಅದಕ್ಕೆ ಬೀಟ್ ಹಾಕಿ ‘ಒರಿಜಿನಲ್’ ಅಂತ ಚಾನೆಲ್‌ಗೆ ಏರಿಸುವ ಆಸೆ. ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಆ ರೆಕಾರ್ಡಿಂಗನ್ನು ಮೊದಲು ಇನ್ನೆರಡು ಕಡೆ ಕಾಪಿ ಮಾಡಿಡಿ. ಆಮೇಲೆ ಮುಂದೆ ಓದಿ.

ನಾನು ಗಂಗಾವತಿಯವನು. ಮಸ್ಕಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ಬೀಸುವ ಪದ ಚೆನ್ನಾಗಿ ಹಾಡುತ್ತಾಳೆ. ಒಂದು ದೀಪಾವಳಿಗೆ ಹೋದಾಗ ಅವಳನ್ನು ಬೀಸುವ ಕಲ್ಲಿನ ಮುಂದೆ ಕೂರಿಸಿ, ಮೊಬೈಲನ್ನು ಜೋಳದ ಚೀಲದ ಮೇಲಿಟ್ಟು ರೆಕಾರ್ಡ್ ಮಾಡಿಕೊಂಡೆ. 11 ನಿಮಿಷ. ಕಲ್ಲು ಗರಗರ ತಿರುಗುತ್ತಿತ್ತು. ಬಳೆ ಗೂಟಕ್ಕೆ ತಾಗಿ ಟಿಣ್ ಅನ್ನುತ್ತಿತ್ತು. ನಡುನಡುವೆ ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಬೀಳುತ್ತಿತ್ತು.

ಊರಿಗೆ ಬಂದವನೇ ದನಿ ಬೇರ್ಪಡಿಸುವ ಎಐ ಸಾಫ್ಟ್‌ವೇರ್‌ಗೆ ಅದನ್ನು ಹಾಕಿದೆ. ದನಿ ಬೇರೆಯಾಗಿ ಬಂತು. ಅದರಲ್ಲಿ ಇನ್ನೂ ಸ್ವಲ್ಪ ಗರಗರ ಉಳಿದಿತ್ತು, ನಾಯ್ಸ್ ರಿಡಕ್ಷನ್ (ಬೇಡದ ಸದ್ದು ತಗ್ಗಿಸುವ ಸೌಲಭ್ಯ) ಹಾಕಿ ತೆಗೆದೆ. ಎಐನಿಂದ 90 ಬಿಪಿಎಂ, ಅಂದರೆ ನಿಮಿಷಕ್ಕೆ 90 ಬಡಿತದ ಬೀಟ್ ಮಾಡಿಸಿ, ದೊಡ್ಡವ್ವನ ದನಿಯನ್ನು ಅದಕ್ಕೆ ಸರಿಯಾಗಿ ಎಳೆದು ಕುಗ್ಗಿಸಿ ಕೂರಿಸಿದೆ. ಕಾರಿನಲ್ಲಿ ಹಾಕಿದರೆ ಗೆಳೆಯರೆಲ್ಲ ಕುಣಿದರು. ಅಷ್ಟರಲ್ಲಿ ಮೊಬೈಲ್ ತುಂಬಿತ್ತು. ಮೂಲ ಫೈಲ್ ಸುಮಾರು 116 ಎಂಬಿ. ಹೇಗೂ ದನಿ ‘ಕ್ಲೀನ್’ ಆಗಿ ಸಿಕ್ಕಿದೆಯಲ್ಲ ಎಂದು ಅದನ್ನು ಅಳಿಸಿಬಿಟ್ಟೆ.

ಯುಗಾದಿಗೆ ಹೋಗಿ ದೊಡ್ಡವ್ವನ ಕಿವಿಗೆ ಇಯರ್‌ಫೋನ್ ಇಟ್ಟೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಆಮೇಲೆ, “ಅಲ್ಲೋ ತಮ್ಮಾ, ದನಿ ನಂದ ಐತಿ. ಕಲ್ಲು ಎಲ್ಲಿ ಹೋತು?” ಅಂದಳು.

ಅಲ್ಲಿ ನನಗೆ ತಿಳಿಯಿತು. ಬೀಸುವ ಪದದಲ್ಲಿ ಕಲ್ಲೇ ತಾಳ. ಹಿಡಿ ಜೋಳ ಬಿದ್ದಾಗ ಕಲ್ಲು ಭಾರವಾಗುತ್ತದೆ, ಹಾಡು ಅಲ್ಲಿ ನಿಧಾನವಾಗುತ್ತದೆ. ಜೋಳ ನುರಿಯುತ್ತಾ ಬಂದಂತೆ ಕೈ ಹಗುರಾಗುತ್ತದೆ, ತ್ರಿಪದಿಯ ಮೂರನೇ ಸಾಲು ಸರ್ರನೆ ಓಡುತ್ತದೆ. ನಾನು ಅದನ್ನೆಲ್ಲ 90ರ ಗೆರೆಗೆ ಸಪಾಟು ಮಾಡಿದ್ದೆ.

ನನ್ನ ತಪ್ಪು ಇನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವೂ ಇದನ್ನೇ ಮಾಡುವ ಸಾಧ್ಯತೆ ಜಾಸ್ತಿ. ಡೆಮಕ್ಸ್, ಸ್ಪ್ಲೀಟರ್‌ನಂಥ ದನಿ ಬೇರ್ಪಡಿಸುವ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಹಾಡನ್ನು ನಾಲ್ಕು ಪಾಲು ಮಾಡುತ್ತವೆ: ದನಿ, ಡ್ರಮ್ಸ್, ಬೇಸ್, ಉಳಿದದ್ದು. ಬೀಸುವ ಕಲ್ಲಿಗೆ ಅಂತ ಬೇರೆ ಪಾಲು ಇಲ್ಲ. ಏಕತಾರಿಗೂ ಇಲ್ಲ. ಇವು ಸದ್ದನ್ನು ಕತ್ತರಿಸಿ ಕೊಡುವುದೂ ಇಲ್ಲ, ಇದು ದನಿ ಇರಬೇಕು ಎಂದು ಅಂದಾಜು ಮಾಡುತ್ತವೆ. ಹಾಗಾಗಿ ಕಲ್ಲಿನ ಸದ್ದು ಸ್ವಲ್ಪ ಡ್ರಮ್ಸ್‌ಗೆ, ಸ್ವಲ್ಪ ‘ಉಳಿದದ್ದು’ ಪಾಲಿಗೆ ಚದುರಿ ಹೋಯಿತು. ನಾಲ್ಕೂ ಪಾಲು ಇಟ್ಟುಕೊಂಡಿದ್ದರೂ ಮತ್ತೆ ಕೂಡಿಸಿ ಮೂಲಕ್ಕೆ ಹತ್ತಿರ ಬರಬಹುದಿತ್ತು. ನಾನು ದನಿ ಒಂದನ್ನೇ ಇಟ್ಟು ಮೂರನ್ನೂ ಎಸೆದಿದ್ದೆ. ಅದರ ಮೇಲೆ ನಾಯ್ಸ್ ರಿಡಕ್ಷನ್. ಕಲ್ಲಿನ ಗರಗರದಲ್ಲಿರುವ ಎತ್ತರದ ಕಂಪನಗಳೇ ‘ಸ’, ‘ಶ’ ಅಕ್ಷರಗಳಲ್ಲೂ ಇರುತ್ತವೆ. ಕಲ್ಲಿನ ಜೊತೆ ಅವೂ ಸವೆದವು.

ಮತ್ತೆ ರೆಕಾರ್ಡ್ ಮಾಡೋಣ ಅಂದರೆ, ಅಷ್ಟರಲ್ಲಿ ಹಳೇ ಮನೆ ಕೆಡವಿದ್ದರು. ಕಲ್ಲು ಒಡೆದು ಹೊಸ ಮನೆಯ ಬುನಾದಿಗೆ ಹೋಗಿತ್ತು. ದೊಡ್ಡವ್ವ ಸುಮ್ನೆ ಕೂತು ಹಾಡಲು ನೋಡಿದಳು. ಬಲಗೈ ತನ್ನಷ್ಟಕ್ಕೆ ಗಾಳಿಯಲ್ಲಿ ತಿರುಗುತ್ತಿತ್ತು. ಎರಡನೇ ನುಡಿಗೆ ಲಯ ತಪ್ಪಿತು. “ಕೈಗೆ ಏನೂ ಸಿಗವಲ್ದು” ಎಂದು ನಿಲ್ಲಿಸಿದಳು.

ಹಾಗಾಗಿ ಯಾವ ಆ್ಯಪ್ ಎನ್ನುವುದು ನನ್ನ ಪ್ರಕಾರ ಸರಿಯಾದ ಪ್ರಶ್ನೆಯೇ ಅಲ್ಲ. ಈಗ ಯಾವುದಕ್ಕೂ ದುಡ್ಡು ಕೊಡಬೇಡಿ. ಸದ್ದು ರೆಕಾರ್ಡ್, ಎಡಿಟ್ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಆಡಾಸಿಟಿ ಉಚಿತ, ರೀಪರ್ 60 ದಿನ ಪೂರ್ತಿ ಬಳಸಿ ನೋಡಬಹುದು. ಎರಡೂ ನಿಮ್ಮ ಐ3ಯಲ್ಲಿ ಆರಾಮಾಗಿ ಓಡುತ್ತವೆ.

ಅಜ್ಜನ ಪದಕ್ಕೆ ಬೀಟ್ ಬೇಕು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಏಕತಾರಿಯ ಮೀಟು, ಭಜನೆಯವರ ದಮ್ಮಡಿ, ತಾಳ, ಅದರ ಬೀಟ್ ಅದರಲ್ಲೇ ಇದೆ. ಏನಾದರೂ ಸೇರಿಸಲೇಬೇಕು ಅಂದರೆ ಅಜ್ಜನ ದನಿಯನ್ನು ಎಳೆಯಬೇಡಿ. ರೀಪರ್‌ನಲ್ಲಿ ಟೆಂಪೋ ಮಾರ್ಕರ್‌ಗಳಿವೆ, ಅಂದರೆ ಹಾಡಿನ ನಡುವೆ ಬೇಕಾದ ಕಡೆ ಬೀಟಿನ ವೇಗ ಬದಲಿಸುವ ಗುರುತುಗಳು. ಅಜ್ಜ ಎಲ್ಲಿ ನಿಧಾನ ಮಾಡುತ್ತಾರೋ ಅಲ್ಲಿ ಗೆರೆಯನ್ನು ನಿಧಾನ ಮಾಡಿ, ನಿಮ್ಮ ವಾದ್ಯ ಅವರ ಹಿಂದೆ ನಡೆಯಲಿ. ಬೇಸರದ ಕೆಲಸ. ಐದು ನಿಮಿಷದ ಹಾಡಿಗೆ ನನಗೆ ಮೂರು ಸಂಜೆ ಹಿಡಿಯಿತು. ಆದರೆ ಹಾಡು ಬದುಕಿರುತ್ತದೆ.

‘ಒರಿಜಿನಲ್’ ಅಂದಿರಲ್ಲ, ಎಐಗೆ ನಾಲ್ಕು ಸಾಲು ಟೈಪ್ ಮಾಡಿದರೆ ಬರುವ ಟ್ಯೂನ್ ನಿಮ್ಮದಾಗುವುದಿಲ್ಲ. ಬರೀ ಪ್ರಾಂಪ್ಟ್ ಕೊಟ್ಟವರನ್ನು ಕರ್ತೃ ಎನ್ನಲಾಗದು ಎಂದು ಅಮೆರಿಕದ ಕಾಪಿರೈಟ್ ಕಚೇರಿ 2025ರ ಜನವರಿಯ ವರದಿಯಲ್ಲೇ ಹೇಳಿದೆ. ಪದ ಹಳೆಯದು, ಯಾರು ಬೇಕಾದರೂ ಹಾಡಬಹುದು. ಆದರೆ ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಅಜ್ಜ ಹಾಡಿದ್ದರ ಮೇಲೆ ಅಜ್ಜನಿಗೆ ಹಕ್ಕಿದೆ. ಕೇಳಿ, ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಹಾಡಿನ ಕೆಳಗೆ ಮೊದಲ ಹೆಸರು ಅವರದ್ದೇ ಇರಲಿ.

ಬರುವ ಅಮಾವಾಸ್ಯೆಗೆ ನಿಮ್ಮೂರ ಮಠದಲ್ಲಿ ಭಜನೆ ಇರುತ್ತದೆ ಅಲ್ವಾ? ಎರಡು ಮೊಬೈಲ್ ಒಯ್ಯಿರಿ, ಎರಡನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿ. ಒಂದು ಅಜ್ಜನ ಬಾಯಿಂದ ಒಂದು ಮೊಳ ದೂರ, ಇನ್ನೊಂದು ಏಕತಾರಿಯ ಬುರುಡೆಯ ಹತ್ತಿರ. ಸದ್ದನ್ನು ಕುಗ್ಗಿಸುವ ಎಂಪಿ3 ಬೇಡ, ಕುಗ್ಗಿಸದೆ ಇಡುವ ವೇವ್ (WAV) ಫೈಲ್ ಆಗಿ ರೆಕಾರ್ಡ್ ಮಾಡಿ. ಶುರುವಿನಲ್ಲಿ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ, ಆಮೇಲೆ ಎರಡೂ ಫೈಲ್ ಹೊಂದಿಸಲು ಅದೇ ಗುರುತು. ಕೆಮ್ಮು, ಬಾಗಿಲ ಸದ್ದು, ಯಾರೋ ಚಹಾ ತಂದ ಸದ್ದು ಬಂದರೆ ಬರಲಿ. ಒಂದನ್ನೂ ತೆಗೆಯಬೇಡಿ. ಮೂಲ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಅಜ್ಜಿಯ ಕೈಗೆ ಕೊಡಿ, ಟ್ರಂಕಿನಲ್ಲಿ ಇಡಲಿ.