ಕನೆಕ್ಷನ್ ಆಯ್ತು, ಸಂಜೆ ಹಾಲಿನ ಲೆಕ್ಕ ಎಲ್ಲಿ ಹೋಯ್ತು?

ಪ್ರಶ್ನೆ: ನಮಸ್ಕಾರ ಸರ್. ಹಾಸನದ ಹತ್ರ ಒಂದು ಸಣ್ಣ ಸಾಫ್ಟ್‌ವೇರ್ ಕಂಪನೀಲಿ ಕೆಲಸ ಮಾಡ್ತೀನಿ. ಹಾಲಿನ ಸೊಸೈಟಿಗಳಿಗೆ ಮೊಬೈಲ್ ಆಪ್ ಮಾಡಿಕೊಟ್ಟಿದೀವಿ, ಬೆಳಗ್ಗೆ ಸಂಜೆ ರೈತರು ಹಾಲು ಹಾಕಿದಾಗ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನ ಅಂಶ) ಎಲ್ಲಾ ಅದರಲ್ಲಿ ಎಂಟ್ರಿ ಆಗಿ ಅಮೆಜಾನ್ ಬಾಡಿಗೆಗೆ ಕೊಡೋ ಡೇಟಾಬೇಸ್ ಸೇವೆ ಆರ್‌ಡಿಎಸ್‌ನಲ್ಲಿರೋ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹೋಗುತ್ತೆ. ಅಲ್ಲಿಂದ 15 ನಿಮಿಷಕ್ಕೊಂದ್ಸಲ ಅಪಾಚೆ ನೈಫೈ ಮೂಲಕ ರಿಪೋರ್ಟ್ ಡೇಟಾಬೇಸ್‌ಗೆ ಎಳ್ಕೋಬೇಕು. ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿತ್ತು, ಆಫೀಸ್ ಸರ್ವರ್‌ಗೆ ಹಾಕಿದ ಮೇಲೆ ಕನೆಕ್ಷನ್ ಪೂಲ್ 'ಎನೇಬಲ್ಡ್' ಅಂತ ತೋರಿಸ್ತಿದ್ರೂ ಪ್ರೊಸೆಸರ್ ಮೇಲೆ ಕೆಂಪು ಎರರ್ ಬರ್ತಿದೆ. ಇನ್ನೊಂದು, ಲ್ಯಾಪ್‌ಟಾಪಲ್ಲಿ ಓಡ್ತಿದ್ದಾಗ್ಲೂ ದಿನಕ್ಕೆ ಹತ್ತಿಪ್ಪತ್ತು ಎಂಟ್ರಿ ರಿಪೋರ್ಟಲ್ಲಿ ಕಮ್ಮಿ ಇರ್ತಿತ್ತು, ಹೆಚ್ಚಾಗಿ ಸಂಜೇದು. ಅದಕ್ಕೆ ಎರರ್ರೂ ಇಲ್ಲ. ಹೊಸ ಸಾಲು ಯಾವುದು ಅಂತ ನೋಡೋಕೆ ಆಪ್ ಕಳಿಸೋ 'ಅಪ್‌ಡೇಟೆಡ್ ಅಟ್' ಕಾಲಂ ಕೊಟ್ಟಿದೀನಿ. ಏನು ಮಾಡ್ಲಿ?
— ಒಬ್ಬ ಓದುಗರು, ಹಾಸನ

ಉತ್ತರ: ನಿಮ್ಮ ಎರಡನೇ ತೊಂದ್ರೆನೇ ದೊಡ್ಡದು, ಆದ್ರೆ ಮೊದಲನೇದು ಸರಿಯಾಗದೆ ಅಲ್ಲಿಗೆ ಹೋಗೋಕಾಗಲ್ಲ, ಅದನ್ನ ಮೊದ್ಲು ಮುಗಿಸೋಣ.

ನೈಫೈ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಒಂದು ಕಡೆಯಿಂದ ಡೇಟಾ ತಗೊಂಡು, ಬೇಕಾದ ಹಾಗೆ ಬದಲಾಯಿಸಿ, ಇನ್ನೊಂದು ಕಡೆಗೆ ತಾನಾಗೇ ಸಾಗಿಸೋ ಟೂಲ್ ಇದು, ಸ್ಕ್ರೀನ್ ಮೇಲೆ ಡಬ್ಬಿಗಳನ್ನ (ಇವಕ್ಕೇ ಪ್ರೊಸೆಸರ್ ಅನ್ನೋದು) ಇಟ್ಟು ಗೆರೆ ಎಳೆದು ಜೋಡಿಸ್ತಾ ಹೋಗ್ಬೇಕು. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಒಳಗೆ 'ನಯಾಗರಾ ಫೈಲ್ಸ್' ಅನ್ನೋ ಹೆಸರಲ್ಲಿ ಹುಟ್ಟಿದ್ದು, 2014ರಲ್ಲಿ ಅಪಾಚೆ ಫೌಂಡೇಶನ್‌ಗೆ ಕೊಟ್ರು, ನೈಫೈ ಅನ್ನೋದು ಆ ಹಳೇ ಹೆಸರಿಂದಲೇ ಬಂದಿದ್ದು.

'ಎನೇಬಲ್ಡ್' ಅಂತ ಕಂಡ ತಕ್ಷಣ ಕನೆಕ್ಷನ್ ಆಗಿದೆ ಅಂತ ತಿಳ್ಕೋಬೇಡಿ. ಡಿಬಿಸಿಪಿ ಕನೆಕ್ಷನ್ ಪೂಲ್ (ಪ್ರೊಸೆಸರ್‌ಗಳಿಗೆ ಡೇಟಾಬೇಸ್ ಕನೆಕ್ಷನ್ ಕೊಡೋ ಸರ್ವೀಸ್) ಎನೇಬಲ್ ಮಾಡಿದಾಗ ನೈಫೈ ಸೆಟ್ಟಿಂಗ್ಸ್ ಓದಿಕೊಂಡು ಕೂತಿರುತ್ತೆ ಅಷ್ಟೇ, ಯಾವುದಾದ್ರೂ ಪ್ರೊಸೆಸರ್ ಬಂದು ಕನೆಕ್ಷನ್ ಕೊಡು ಅಂದಾಗ್ಲೇ ನಿಜವಾಗಿ ಡೇಟಾಬೇಸ್ ಬಾಗಿಲು ತಟ್ಟೋದು. ಪಾಸ್‌ವರ್ಡ್ ತಪ್ಪಿದ್ರೂ 'ಎನೇಬಲ್ಡ್' ಅಂತಲೇ ಇರುತ್ತೆ. ಹೊಸ ವರ್ಷನ್‌ಗಳಲ್ಲಿ ಸರ್ವೀಸ್ ಡಿಸೇಬಲ್ ಇರುವಾಗ ಪ್ರಾಪರ್ಟೀಸ್ ಪುಟದಲ್ಲಿ ವೆರಿಫೈ ಮಾಡೋ ಟಿಕ್ ಗುರುತು ಇದೆ, ಅದನ್ನ ಒತ್ತಿದ್ರೆ ಆಗಲೇ ಕನೆಕ್ಟ್ ಮಾಡಿ ನೋಡಿ ಹೇಳುತ್ತೆ.

ಆಮೇಲೆ ಕೆಂಪು ಡಬ್ಬೀಲಿ ಬರೋ ಒಂದು ಸಾಲು ಓದಿ ನಿಲ್ಲಿಸಬೇಡಿ. 'ಕೆನಾಟ್ ಕ್ರಿಯೇಟ್ ಪೂಲೇಬಲ್ ಕನೆಕ್ಷನ್ ಫ್ಯಾಕ್ಟರಿ, ದ ಕನೆಕ್ಷನ್ ಅಟೆಂಪ್ಟ್ ಫೇಲ್ಡ್' ಅಂತ ಇದ್ರೆ ಅದರಿಂದ ಏನೂ ತಿಳಿಯಲ್ಲ. ಲಾಗ್ಸ್ ಫೋಲ್ಡರ್‌ನಲ್ಲಿ ನೈಫೈ ಆಪ್ ಲಾಗ್ ತೆಗೆದು ಕೆಳಗಡೆ 'ಕಾಸ್ಡ್ ಬೈ' ಅಂತ ಶುರುವಾಗೋ ಸಾಲು ಹುಡುಕಿ, ಉತ್ತರ ಅಲ್ಲಿರುತ್ತೆ. 'ಅನ್‌ನೋನ್ ಹೋಸ್ಟ್' ಇದ್ರೆ ಹೆಸರು ತಪ್ಪು ಟೈಪ್ ಆಗಿದೆ ಅಥವಾ ಆ ಸರ್ವರ್‌ನ ಡಿಎನ್‌ಎಸ್ (ಹೆಸರಿಂದ ಐಪಿ ವಿಳಾಸ ಹುಡುಕೋ ವ್ಯವಸ್ಥೆ) ಸರಿ ಇಲ್ಲ. 'ಪಾಸ್‌ವರ್ಡ್ ಅಥೆಂಟಿಕೇಶನ್ ಫೇಲ್ಡ್' ಬಂದ್ರೆ ಒಂದು ಸಮಾಧಾನ, ದಾರಿ ಸರಿ ಇದೆ, ಡೇಟಾಬೇಸ್‌ವರೆಗೂ ಹೋಗಿದೀರಿ. ಡ್ರೈವರ್ ಕ್ಲಾಸ್ ಸಿಗ್ತಿಲ್ಲ ಅಂದ್ರೆ ಪೋಸ್ಟ್‌ಗ್ರೆಸ್ ಜತೆ ಮಾತಾಡಿಸೋ ಡ್ರೈವರ್ ಇರೋ ಜಾರ್ ಫೈಲ್ ಲ್ಯಾಪ್‌ಟಾಪಲ್ಲೇ ಉಳಿದಿದೆ, ಇಲ್ಲಾ ನೈಫೈ ಓಡ್ತಿರೋ ಯೂಸರ್‌ಗೆ ಆ ಫೈಲ್ ಓದೋ ಪರ್ಮಿಷನ್ ಇಲ್ಲ. 'ಕನೆಕ್ಟ್ ಟೈಮ್ಡ್ ಔಟ್' ಅಂತ ಇದ್ರೆ ಮಧ್ಯದಲ್ಲಿ ಯಾರೋ ತಡೀತಿದಾರೆ, ಆರ್‌ಡಿಎಸ್‌ನಲ್ಲಿ ಸಾಮಾನ್ಯವಾಗಿ ಅದು ಸೆಕ್ಯೂರಿಟಿ ಗ್ರೂಪ್, ಅಂದ್ರೆ ಯಾವ ಐಪಿಯಿಂದ ಒಳಗೆ ಬಿಡಬೇಕು ಅಂತ ಹೇಳೋ ಅಮೆಜಾನ್‌ನ ಕಾವಲು ರೂಲ್‌ಗಳು.

ನಿಮ್ಮದು ಈ ಕೊನೇದೇ ಇರಬೇಕು, ಯಾಕಂದ್ರೆ ಲ್ಯಾಪ್‌ಟಾಪಲ್ಲಿ ಓಡ್ತಿತ್ತು ಅಂತೀರಿ. ಶುರುವಲ್ಲಿ ಇನ್‌ಬೌಂಡ್ ರೂಲ್‌ನಲ್ಲಿ 'ಮೈ ಐಪಿ' ಅಂತ ಆರಿಸಿ 5432 ಪೋರ್ಟ್ ತೆಗೆದಿರ್ತೀರಿ, ಅದು ಆವತ್ತು ನೀವು ಕೂತಿದ್ದ ನೆಟ್‌ನ ಐಪಿ. ಆಫೀಸ್ ಸರ್ವರ್ ಹೊರಗೆ ಹೋಗೋ ಐಪಿ ಬೇರೆ ಇರುತ್ತೆ, ಅದನ್ನ ಸೇರಿಸಿ, 192.168 ಅಂತ ಶುರುವಾಗೋ ಒಳಗಿನ ಐಪಿ ಹಾಕಿದ್ರೆ ಕೆಲಸ ಆಗಲ್ಲ. ದಯವಿಟ್ಟು 0.0.0.0/0 ಹಾಕಿ ಊರಿಗೆಲ್ಲಾ ಬಾಗಿಲು ತೆಗೀಬೇಡಿ, ಟೆಸ್ಟಿಂಗ್‌ಗೆ ಅಂತ ಹಾಕಿದ್ದು ಹಾಗೇ ಉಳಿದುಹೋಗುತ್ತೆ, ರೈತರ ಹೆಸರು ಬ್ಯಾಂಕ್ ಅಕೌಂಟ್ ನಂಬರ್ ಎಲ್ಲಾ ಅಲ್ಲಿರುತ್ತಲ್ವಾ. ಕಂಪನಿ ಒಪ್ಪಿದ್ರೆ ನೈಫೈಯನ್ನೇ ಅದೇ ವಿಪಿಸಿ (ಅಮೆಜಾನ್ ಒಳಗೆ ನಿಮ್ಮದೇ ಖಾಸಗಿ ನೆಟ್‌ವರ್ಕ್) ಒಳಗೆ ಒಂದು ಇಸಿ2 ಮೆಷಿನ್ (ಅಮೆಜಾನ್‌ನ ಬಾಡಿಗೆ ಸರ್ವರ್) ಮೇಲೆ ಇಡಿ, ಆಗ ಐಪಿ ಬದ್ಲು ಆ ಮೆಷಿನ್‌ನ ಸೆಕ್ಯೂರಿಟಿ ಗ್ರೂಪನ್ನೇ ಸೋರ್ಸ್ ಅಂತ ಕೊಟ್ರಾಯ್ತು, ಡೇಟಾಬೇಸ್‌ಗೆ ಪಬ್ಲಿಕ್ ಆಕ್ಸೆಸ್ಸೇ ಬೇಕಾಗಲ್ಲ. ಮಾಸ್ಟರ್ ಯೂಸರ್ ಪಾಸ್‌ವರ್ಡ್ ನೈಫೈಗೆ ಕೊಡಬೇಡಿ, ಸೆಲೆಕ್ಟ್ ಪರ್ಮಿಷನ್ ಮಾತ್ರ ಇರೋ ಬೇರೆ ಯೂಸರ್ ಮಾಡಿ. ಹೊಸ ಡ್ರೈವರ್ ತಾನಾಗೇ ಎಸ್‌ಎಸ್‌ಎಲ್ (ಮಧ್ಯದಲ್ಲಿ ಯಾರೂ ಓದದ ಹಾಗೆ ಮುಚ್ಚಿ ಕಳಿಸೋ ಕನೆಕ್ಷನ್) ಪ್ರಯತ್ನ ಮಾಡುತ್ತೆ, ಆದ್ರೆ ಸರ್ಟಿಫಿಕೇಟ್ ಚೆಕ್ ಮಾಡಲ್ಲ. ಅದಕ್ಕೆ ಯುಆರ್‌ಎಲ್ ಕೊನೇಲಿ ಎಸ್‌ಎಸ್‌ಎಲ್ ಮೋಡ್ 'ವೆರಿಫೈ ಫುಲ್' ಅಂತ ಹಾಕಿ, ಅಮೆಜಾನ್ ಕೊಡೋ ಸರ್ಟಿಫಿಕೇಟ್ ಬಂಡಲ್ ಫೈಲ್‌ನ ದಾರಿ ಕೊಡಿ.

ಈಗ ಸಂಜೆ ಹಾಲಿಗೆ ಬರೋಣ. ನೀವು ಬಳಸ್ತಿರೋದು ಕ್ವೆರಿ ಡೇಟಾಬೇಸ್ ಟೇಬಲ್ ಪ್ರೊಸೆಸರ್ ಅನ್ಸುತ್ತೆ. ಅದು 'ಮ್ಯಾಕ್ಸಿಮಮ್ ವ್ಯಾಲ್ಯೂ ಕಾಲಂ'ನಲ್ಲಿ ಇದುವರೆಗೆ ಕಂಡ ದೊಡ್ಡ ವ್ಯಾಲ್ಯೂನ ನೆನಪಿಟ್ಕೊಂಡು, ಮುಂದಿನ ಸಲ ಅದಕ್ಕಿಂತ ದೊಡ್ಡದನ್ನ ಮಾತ್ರ ತರುತ್ತೆ. ಒಂದು ಸೊಸೈಟೀಲಿ ಸಂಜೆ 6.10ಕ್ಕೆ ಹಾಲು ಹಾಕಿದಾರೆ, ನೆಟ್ ಇಲ್ಲ, ಎಂಟ್ರಿ ಫೋನಲ್ಲೇ ಉಳೀತು, ರಾತ್ರಿ 8ಕ್ಕೆ ನೆಟ್ ಬಂದಾಗ ಸಿಂಕ್ ಆಯ್ತು ಅಂತ ಇಟ್ಕೊಳ್ಳಿ. ಸಾಲಿನ ಮೇಲೆ ಇರೋ ಟೈಮ್ 6.10. ಅಷ್ಟೊತ್ತಿಗೆ ನೆಟ್ ಇದ್ದ ಬೇರೆ ಸೊಸೈಟಿಯಿಂದ 7.40ರ ಎಂಟ್ರಿ ಬಂದು ನೈಫೈ ಅದನ್ನ ತಗೊಂಡಾಗಿದೆ. ಇನ್ನು 6.10ರ ಸಾಲನ್ನ ಅದು ಯಾವತ್ತೂ ತಿರುಗಿ ನೋಡಲ್ಲ. ಎರರ್ ಬರಲ್ಲ ಯಾಕಂದ್ರೆ ಅದರ ಲೆಕ್ಕದಲ್ಲಿ ತಪ್ಪೇ ಆಗಿಲ್ಲ. ಆ ರೈತರು ಹಾಕಿದ ಹಾಲು ಮಾತ್ರ ರಿಪೋರ್ಟಲ್ಲಿ ಇಲ್ಲ. ಕನೆಕ್ಷನ್ ಕಟ್ಟಾದ್ರೆ ಆವತ್ತೇ ಗೊತ್ತಾಗುತ್ತೆ, ಇದು ತಿಂಗಳಾದ್ರೂ ಗೊತ್ತಾಗಲ್ಲ, ನೀವು ಎಣಿಸಿ ನೋಡಿದ್ದು ಒಳ್ಳೇದಾಯ್ತು.

ಫೋನಿನ ಟೈಮ್ ಬಿಡಿ. ಟೇಬಲ್‌ಗೆ 'ಸರ್ವರ್‌ಗೆ ಬಂದ ಸಮಯ' ಅಂತ ಇನ್ನೊಂದು ಕಾಲಂ ಸೇರಿಸಿ, ಸಾಲು ಸೇರಿದಾಗ್ಲೂ ತಿದ್ದಿದಾಗ್ಲೂ ಟ್ರಿಗರ್ (ಡೇಟಾಬೇಸ್ ತಾನಾಗೇ ಓಡಿಸೋ ಸಣ್ಣ ಕೋಡ್) ಅದನ್ನ ತುಂಬಲಿ, ಅದಕ್ಕೊಂದು ಇಂಡೆಕ್ಸ್ ಹಾಕಿ, ನೈಫೈಗೆ ಆ ಕಾಲಂ ಕೊಡಿ. ಇಷ್ಟೂ ಮಾಡಿದ್ರೂ ಒಂದು ಸಣ್ಣ ತೂತು ಉಳಿಯುತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ 'ನೌ' ಫಂಕ್ಷನ್ ಕೊಡೋದು ಟ್ರಾನ್ಸಾಕ್ಷನ್ ಶುರುವಾದ ಟೈಮು, ಅದು ಕಮಿಟ್ ಆಗಿ ಬೇರೆಯವರಿಗೆ ಕಾಣೋ ಟೈಮಲ್ಲ, ಹಾಗಾಗಿ ದೊಡ್ಡ ಸಿಂಕ್ ಒಂದು ಎರಡು ನಿಮಿಷ ತಗೊಂಡ್ರೆ ಅದರ ಸಾಲುಗಳೂ ಹಿಂದೆ ಬಿದ್ದು ತಪ್ಪಿಹೋಗಬಹುದು. ಅದಕ್ಕೆ ಅದೇ ಪ್ರೊಸೆಸರ್‌ನ 'ಅಡಿಷನಲ್ ವೇರ್ ಕ್ಲಾಸ್' ಜಾಗದಲ್ಲಿ, ಬಂದ ಸಮಯ ಈಗಿನಿಂದ 10 ನಿಮಿಷಕ್ಕಿಂತ ಹಳೇದಿರಬೇಕು ಅಂತ ಷರತ್ತು ಹಾಕಿ. ರಿಪೋರ್ಟ್ ಇನ್ನೊಂದು 10 ನಿಮಿಷ ಹಿಂದೆ ಬೀಳುತ್ತೆ, ಇರಲಿ, ಹಾಲಿನ ಲೆಕ್ಕಕ್ಕೆ ಅಷ್ಟು ಅವಸರ ಇಲ್ಲ.

ಹಳೇದು ತುಂಬ್ಕೊಳ್ಳೋಕೆ ಮೊದ್ಲು ಹಳೇ ಸಾಲುಗಳಲ್ಲೂ ಆ ಬಂದ ಸಮಯದ ಕಾಲಂ ತುಂಬಿ, ಖಾಲಿ ಇದ್ರೆ ಮೇಲಿನ ಷರತ್ತಿಗೆ ಅವು ಸಿಗಲ್ಲ. ಆಮೇಲೆ ಪ್ರೊಸೆಸರ್ ನಿಲ್ಲಿಸಿ ಅದರ ನೆನಪು ಅಳಿಸೋ 'ಕ್ಲಿಯರ್ ಸ್ಟೇಟ್' ಕೊಟ್ರೆ ಪೂರ್ತಿ ಟೇಬಲ್ ಮೊದಲಿಂದ ಬರುತ್ತೆ. ಅದಕ್ಕೂ ಮುಂಚೆ ರಿಪೋರ್ಟ್ ಡೇಟಾಬೇಸ್‌ಗೆ ಬರೆಯೋ ಪುಟ್ ಡೇಟಾಬೇಸ್ ರೆಕಾರ್ಡ್ ಪ್ರೊಸೆಸರ್‌ನಲ್ಲಿ ಇನ್ಸರ್ಟ್ ತೆಗೆದು ಅಪ್‌ಸರ್ಟ್ (ಸಾಲು ಆಗಲೇ ಇದ್ರೆ ತಿದ್ದು, ಇಲ್ದಿದ್ರೆ ಸೇರಿಸು) ಮಾಡಿರಬೇಕು, ಮರೆತ್ರೆ ಒಂದೇ ಹಾಲು ಎರಡು ಸಲ ಲೆಕ್ಕಕ್ಕೆ ಬರುತ್ತೆ. ಡಿಲೀಟ್ ಆದ ಸಾಲು ಈ ದಾರೀಲಿ ಕಾಣಲ್ಲ, ಹಾಗಾಗಿ ಆಪ್‌ನಲ್ಲಿ ಅಳಿಸೋ ಬದ್ಲು 'ರದ್ದಾಗಿದೆ' ಅನ್ನೋ ಕಾಲಂ ಇಡಿ. ದಿನಾ ರಾತ್ರಿ ಎರಡೂ ಕಡೆ ಸೊಸೈಟಿವಾರು ಎಂಟ್ರಿ ಎಷ್ಟು, ಲೀಟರ್ ಎಷ್ಟು ಅಂತ ತಾಳೆ ನೋಡೋ ಒಂದು ಕ್ವೆರಿಯನ್ನೂ ನೈಫೈಯಲ್ಲೇ ಓಡಿಸಿ, ವ್ಯತ್ಯಾಸ ಬಂದ್ರೆ ನಿಮಗೆ ಮೇಲ್ ಬರಲಿ.

ಪ್ರಶ್ನೆ: ನಾನು ಎಂಸಿಎ ಓದ್ತಿದೀನಿ. ಮನೇಲಿ ನೈಫೈ ಕಲೀತಾ ಆರ್‌ಡಿಎಸ್‌ಗೆ ಜೋಡಿಸಿದ್ದೆ. ನಿನ್ನೆ ಬಂತು, ಇವತ್ತು ಏನೂ ಮುಟ್ಟಿಲ್ಲ ಆದ್ರೂ ಟೈಮ್ ಔಟ್ ಅಂತಿದೆ.
— ಒಬ್ಬ ಓದುಗರು, ಮಂಗಳೂರು

ಉತ್ತರ: ನೀವು ಮುಟ್ಟಿಲ್ಲ, ಮನೆ ಬ್ರಾಡ್‌ಬ್ಯಾಂಡ್‌ನ ಐಪಿ ಬದಲಾಗಿರುತ್ತೆ. ರೌಟರ್ ಆಫ್ ಆನ್ ಆದಾಗೆಲ್ಲಾ ಹೀಗಾಗಬಹುದು. ಸೆಕ್ಯೂರಿಟಿ ಗ್ರೂಪಿಗೆ ಹೋಗಿ ಹಳೇ ರೂಲ್ ಅಳಿಸಿ 'ಮೈ ಐಪಿ' ಮತ್ತೆ ಆರಿಸಿ. ಡೇಟಾಬೇಸ್ ನಿಲ್ಲಿಸಿಲ್ಲ ತಾನೇ, ಅದನ್ನೂ ಒಂದ್ಸಲ ನೋಡಿ. ಓದೋರಿಗೆ ಬಿಲ್ ಚಿಂತೆ ಇರುತ್ತೆ ಅಂತ ಇದೊಂದು ಹೇಳ್ತೀನಿ, ಆರ್‌ಡಿಎಸ್ ಸ್ಟಾಪ್ ಮಾಡಿಟ್ರೂ ಸ್ಟೋರೇಜ್ ಚಾರ್ಜ್ ನಡೀತಿರುತ್ತೆ, 7 ದಿನ ಆದ್ಮೇಲೆ ಅದು ತಾನಾಗೇ ಮತ್ತೆ ಸ್ಟಾರ್ಟ್ ಆಗುತ್ತೆ. ಪರೀಕ್ಷೆ ಅಂತ ತಿಂಗಳು ಬಿಡೋದಿದ್ರೆ ಸ್ನ್ಯಾಪ್‌ಶಾಟ್ ತೆಗೆದಿಟ್ಕೊಂಡು ಡೇಟಾಬೇಸ್ ಡಿಲೀಟ್ ಮಾಡಿ, ರಜೇಲಿ ಆ ಸ್ನ್ಯಾಪ್‌ಶಾಟ್‌ನಿಂದ ಮತ್ತೆ ಎಬ್ಬಿಸ್ಕೊಳ್ಳಿ.