ಕೊನೇ ಪೇಪರ್ ಕೊಡದೆ ಕೂತಿದ್ದ ಹುಡುಗಿ

ಎಕ್ಸ್‌ಚೇಂಜ್ ಪ್ರೋಗ್ರಾಮಲ್ಲಿ ಹೊರದೇಶಕ್ಕೆ ಹೋದ ವಿದ್ಯಾರ್ಥಿಗಳು ಆಪ್ತ ಸಲಹೆಗಾರ್ತಿಯಾದ ನನ್ನ ಹತ್ರ ಬರೋದು ಹೆಚ್ಚಾಗಿ ಎರಡೇ ಹೊತ್ತಲ್ಲಿ, ಹೋದ ಮೊದಲ ತಿಂಗಳು, ಇಲ್ಲಾ ವಾಪಸ್ ಹೊರಡೋ ಮುಂಚಿನ ಮೂರ್ನಾಲ್ಕು ವಾರ. ಮೊದಲನೇದಕ್ಕೆ ಎಲ್ಲರೂ ತಯಾರಿರ್ತಾರೆ, ಕಾಲೇಜಿನೋರು ಓರಿಯೆಂಟೇಶನ್ ಮಾಡ್ತಾರೆ, ಮನೆಯವರು ದಿನಾ ಫೋನ್ ಮಾಡಿ ಕೇಳ್ತಾರೆ. ಎರಡನೇದನ್ನ ಯಾರೂ ಕಷ್ಟ ಅಂತಲೇ ಲೆಕ್ಕಕ್ಕೆ ತಗೊಳ್ಳಲ್ಲ. "ಇನ್ನೇನು ಮನೆಗೆ ಬರ್ತಿದೀಯಲ್ಲ" ಅಂದ್ಬಿಟ್ರೆ ಮುಗೀತು. ಇಂಥ ಕೇಸು ಪದೇ ಪದೇ ಬರ್ತಿರೋದ್ರಿಂದ ಒಂದನ್ನ ಬರೀತಿದೀನಿ. ಗುರುತು ಸಿಗಬಾರದು ಅಂತ ದೇಶ, ಕೋರ್ಸು ಎರಡೂ ಬಿಟ್ಟಿದೀನಿ, ಹುಡುಗಿ ಅಂತ ಬರೆದಿದೀನಿ, ಹುಡುಗನೂ ಇರಬಹುದು.

ಒಂದು ಸೆಮಿಸ್ಟರಿಗೆ ಹೋಗಿದ್ಲು. ಮಾತೆಲ್ಲ ವೀಡಿಯೋ ಕಾಲಲ್ಲೇ. ನಿದ್ದೆ ಬರ್ತಿಲ್ಲ, ಫ್ಲಾಟ್‌ಮೇಟ್ ಜೊತೆ ಜಗಳ, ಕೋರ್ಸಿಗೆ ಬರೆದು ಕೊಡಬೇಕಾದ ಕೊನೇ ಪೇಪರ್, ಅಂದ್ರೆ ಪ್ರಬಂಧ, ಬರೆಯೋಕೆ ಆಗ್ತಿಲ್ಲ, ಇಷ್ಟೇ ದೂರು. ಜಗಳ ಯಾತಕ್ಕೆ ಅಂದ್ರೆ ಫ್ರಿಜ್ಜಿನ ಒಂದು ಶೆಲ್ಫಿಗೆ! ನಾಲ್ಕು ತಿಂಗಳು ಹೊಂದ್ಕೊಂಡಿದ್ದೋರು ಶೆಲ್ಫಿಗೋಸ್ಕರ ಮಾತು ಬಿಟ್ಟಿದ್ರು. ಎರಡು ಸೆಷನ್ ನಾನೇ ದಾರಿ ತಪ್ಪಿದೆ, ಪರೀಕ್ಷೆ ಟೆನ್ಷನ್ ಅಂದ್ಕೊಂಡು ಟೈಂಟೇಬಲ್ ಹಾಕ್ಕೊಟ್ಟು ಕಳಿಸಿದೆ. ಏನೂ ಪ್ರಯೋಜನ ಆಗ್ಲಿಲ್ಲ.

ಮೂರನೇ ಸಲ ಅವಳ ಬೆನ್ನ ಹಿಂದೆ ಸೂಟ್‌ಕೇಸ್ ಕಾಣಿಸ್ತು, ಜಿಪ್ ಹಾಕಿ ನಿಲ್ಲಿಸಿದ್ಲು. ಗೋಡೆ ಮೇಲೆ ಫೋಟೋ ಕಿತ್ತ ಜಾಗದಲ್ಲಿ ಅಂಟಿನ ಕಲೆ ಅಷ್ಟೇ ಉಳಿದಿತ್ತು. ಫ್ಲೈಟಿಗೆ ಇನ್ನೂ ಇಪ್ಪತ್ನಾಲ್ಕು ದಿನ ಇತ್ತು.

"ಇಷ್ಟು ಬೇಗ ಯಾಕಮ್ಮ?" ಅಂದೆ.

"ಕೊನೇ ದಿನ ನನ್ನ ಕೈಲಿ ತೆಗೆಯೋಕಾಗಲ್ಲ ಮೇಡಂ, ಅದಕ್ಕೇ ಈಗ್ಲೇ ತೆಗೆದುಬಿಟ್ಟೆ."

"ಪೇಪರ್ ಎಷ್ಟು ಉಳಿದಿದೆ?"

"ಒಂದೂವರೆ ಪೇಜು."

ಹತ್ತು ದಿನದಿಂದ ಅಷ್ಟೇ ಉಳಿದಿತ್ತಂತೆ. ಒಂದು ಕಡೆ ರೂಮನ್ನ ಆಗ್ಲೇ ಖಾಲಿ ಮಾಡ್ಕೊಂಡು ಕೂತಿದಾಳೆ, ಇನ್ನೊಂದು ಕಡೆ ಟರ್ಮ್ ಮುಗಿಯೋಕೇ ಬಿಡ್ತಿಲ್ಲ. ನಾನು ಹೆಚ್ಚು ಯೋಚನೆ ಮಾಡದೆ ಕೇಳ್ಬಿಟ್ಟೆ, "ಆ ಪೇಪರ್ ಕೊಟ್ರೆ ಏನು ಮುಗಿದು ಹೋಗುತ್ತೆ?" ತುಂಬಾ ಹೊತ್ತು ಸುಮ್ನಿದ್ಲು, ನೆಟ್ ಹೋಯ್ತೇನೋ ಅಂದ್ಕೊಂಡೆ. ಆಮೇಲೆ ಅಂದ್ಲು: "ಇಲ್ಲಿ ಯಾರಿಗೂ ನನ್ನ ಹೆಸರು ಸರಿಯಾಗಿ ಕರೆಯೋಕೆ ಬರಲ್ಲ ಮೇಡಂ. ಮೊದ್ಲು ತಿದ್ದುತಿದ್ದೆ, ಆಮೇಲೆ ಬಿಟ್ಟೆ. ಆ ತಪ್ಪು ಹೆಸರಿನವಳು ಕ್ಲಾಸಲ್ಲಿ ಕೈ ಎತ್ತಿ ಮಾತಾಡ್ತಾಳೆ, ಒಬ್ಳೇ ರೈಲು ಹತ್ತಿ ಹೋಗ್ತಾಳೆ. ಊರಿಗೆ ಹೋದ್ರೆ ಅವಳನ್ನ ಯಾರು ಕರೀತಾರೆ?"

ಅವಳಿಗೆ ಆ ಜಾಗ ಬಿಡೋ ಸಂಕಟಕ್ಕಿಂತ ಆ ಇನ್ನೊಬ್ಬಳನ್ನ ಕಳ್ಕೊಳ್ಳೋದು ದೊಡ್ಡದಾಗಿತ್ತು. ಫ್ಲಾಟ್‌ಮೇಟ್ ಜೊತೆಗಿನ ಜಗಳವೂ ಆಗ ಅರ್ಥ ಆಯ್ತು, ಬಿಟ್ಟು ಹೋಗಬೇಕಾದೋರ ಮೇಲೆ ಮುಂಚೇನೇ ಸಿಟ್ಟು ಮಾಡ್ಕೊಂಡ್ರೆ ಹೊರಡೋದು ಸಲೀಸು, ಇದನ್ನ ನಾನು ಎಷ್ಟೋ ಜನರಲ್ಲಿ ನೋಡಿದೀನಿ.

ಟಿಕೆಟ್ ಮುಂದಕ್ಕೆ ಹಾಕ್ಲಾ ಅಂತ ಕೇಳಿದ್ಲು. ಬೇಡ ಅಂದೆ, ಸ್ವಲ್ಪ ಗಟ್ಟಿಯಾಗೇ ಅಂದೆ. ಸಲಹೆಗಾರರು ಹೀಗೆ ನೇರವಾಗಿ ಹೇಳಬಾರದು ಅಂತ ನನ್ನ ಸಹೋದ್ಯೋಗಿಯೊಬ್ರು ಆಕ್ಷೇಪಿಸಿದ್ರು, ಇರಬಹುದು. ಆದ್ರೆ ಸ್ಟೂಡೆಂಟ್ ವೀಸಾ ಅನ್ನೋದು ಓದಿನ ಅವಧಿಗೆ ಕಟ್ಟಿಹಾಕಿರೋದು, ಎಷ್ಟು ದಿನ ಹೆಚ್ಚಿಗೆ ಇರಬಹುದು ಅಂತ ಆ ದೇಶದ ನಿಯಮ ನೋಡದೆ ಟಿಕೆಟ್ ಬದಲಿಸೋದು ಹುಚ್ಚುತನ. ಅದೂ ಅಲ್ದೆ ಸ್ನೇಹಿತರೆಲ್ಲ ಹೊರಟು ಹೋದ್ಮೇಲೆ ಖಾಲಿ ಫ್ಲಾಟಲ್ಲಿ ಇನ್ನೆರಡು ವಾರ ಇದ್ದು ಏನು ಮಾಡೋದು?

ಪೇಪರ್ ಕೊಟ್ಟೇ ಬಾ ಅಂದೆ, ಚೆನ್ನಾಗಿರಬೇಕಿಲ್ಲ, ಕೊಟ್ರೆ ಸಾಕು. ಅದು ಟ್ರಾನ್‌ಸ್ಕ್ರಿಪ್ಟಲ್ಲಿ (ಅಲ್ಲಿನ ಅಂಕಪಟ್ಟೀಲಿ) ಪಾಸ್ ಅಂತ ಬರದಿದ್ರೆ ಇಲ್ಲಿನ ಕಾಲೇಜಲ್ಲಿ ಕ್ರೆಡಿಟ್ ಸೇರಲ್ಲ, ಹೊರಟ್ಮೇಲೆ ಸಮುದ್ರದಾಚೆಯಿಂದ ಪ್ರೊಫೆಸರಿಗೆ ಮೇಲ್ ಹಾಕ್ತಾ ಕೂರಬೇಕಾಗುತ್ತೆ. ಸೂಟ್‌ಕೇಸ್ ಬಿಚ್ಚು, ಫೋಟೋ ವಾಪಸ್ ಅಂಟಿಸು, ಕೊನೇ ವಾರದವರೆಗೂ ಅಲ್ಲೇ ಇರಲಿ. ಫ್ಲಾಟ್‌ಮೇಟಿಗೆ ಶೆಲ್ಫಿನ ಮಾತು ಎತ್ತಬೇಡ, "ಹೋಗೋಕೆ ಬೇಜಾರಾಗ್ತಿದೆ" ಅಂತಷ್ಟೇ ಹೇಳು. ಎಲ್ಲರಿಗೂ ಗ್ಯಾರಂಟಿ ಮತ್ತೆ ಸಿಗೋಣ ಅಂತ ಮಾತು ಕೊಡಬೇಡ, ಇಬ್ಬರಿಗೋ ಮೂವರಿಗೋ ಕೊಡು, ಅದನ್ನ ಉಳಿಸ್ಕೊ.

ಇನ್ನೊಂದು, ಊರಿಗೆ ಬಂದು ಆರು ವಾರಕ್ಕೆ ನನ್ನ ಜೊತೆ ಒಂದು ಸೆಷನ್ ಈಗ್ಲೇ ಬುಕ್ ಮಾಡು ಅಂದೆ. ಇದಕ್ಕೆ ಕಾರಣ ಇದೆ. 1955ರಲ್ಲಿ ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್ಗಾರ್ಡ್, ಫುಲ್‌ಬ್ರೈಟ್ ಅನ್ನೋ ವಿದ್ಯಾರ್ಥಿವೇತನದ ನೆರವಲ್ಲಿ ಅಮೆರಿಕಕ್ಕೆ ಹೋಗಿದ್ದ ತನ್ನ ದೇಶದವರನ್ನ ಮಾತಾಡಿಸಿ, ಹೊಸ ಜಾಗಕ್ಕೆ ಹೋದೋರ ಮನಸ್ಸು ಮೊದ್ಲು ಮೇಲಿದ್ದು, ಕುಸಿದು, ಮತ್ತೆ ಏಳುತ್ತೆ ಅಂದ್ರು. 1963ರಲ್ಲಿ ಸಂಶೋಧಕರಾದ ಜಾನ್ ಮತ್ತು ಜೀನ್ ಗುಲ್ಲಾಹಾರ್ನ್, ಊರಿಗೆ ವಾಪಸ್ ಬಂದ್ಮೇಲೂ ಇನ್ನೊಂದು ಸಲ ಹಾಗೇ ಕುಸಿಯುತ್ತೆ ಅಂತ ಸೇರಿಸಿದ್ರು. ಈ ಏರಿಳಿತದ ಗೆರೆ ಎಲ್ಲರಿಗೂ ಹೊಂದಲ್ಲ, ಆಮೇಲಿನ ಸಂಶೋಧಕರು ಸಾಕಷ್ಟು ಪ್ರಶ್ನೆ ಎತ್ತಿದಾರೆ. ನಾನು ಮಾತ್ರ ಡೇಟ್ ಬುಕ್ ಮಾಡಿಸ್ದೆ ಬಿಡಲ್ಲ.

ಪೇಪರ್ ಕೊಟ್ಲು, ಪಾಸಾಯ್ತು, ಗ್ರೇಡ್ ಅಷ್ಟಕ್ಕಷ್ಟೆ. ಫ್ಲಾಟ್‌ಮೇಟ್ ಪೂರ್ತಿ ಸರಿಹೋಗ್ಲಿಲ್ಲ, ಆದ್ರೆ ಏರ್‌ಪೋರ್ಟಿಗೆ ಬಂದು ಬ್ಯಾಗ್ ಎತ್ತಿಕೊಟ್ಲಂತೆ. ಆರು ವಾರ ಆದ್ಮೇಲೆ ಬಂದಾಗ ಕೇಳಿದೆ, ಹೇಗಿದೀಯ ಅಂತ.

"ಎಲ್ಲರೂ 'ಹೇಗಿತ್ತು' ಅಂತಾರೆ, ನಾನು 'ಚೆನ್ನಾಗಿತ್ತು' ಅಂತೀನಿ, ಅಲ್ಲಿಗೆ ಮುಗಿಯುತ್ತೆ ಮೇಡಂ."

"ಕ್ಲಾಸಲ್ಲಿ ಕೈ ಎತ್ತಿದ್ಯಾ?"

"ಒಂದ್ಸಲ" ಅಂದ್ಲು, ಸ್ವಲ್ಪ ನಾಚ್ಕೊಂಡು.